ಕೈ ಕೆಳಗ ಇಳಸ್ರಿ

ಲ್ಯಾಪ್‌ಟಾಪಿನ ಕಣ್ಣು ಸಾಸಿವಿ ಕಾಳಿನಷ್ಟು.
ಅದರೊಳಗ ನನ್ನ ತಂಗಿ ಸೂಗಮ್ಮನ ಹತ್ತೂ ಬೆರಳು
ಕಲಸಿಟ್ಟ ಹಿಟ್ಟಾಗಿ ಹೋಗತಾವ.
ಇಲ್ಲಿ ‘ನಾಳೆ’ ಅಂದದ್ದು ಸೊಲ್ಲಾಪುರದಾಗ ‘ನಿನ್ನೆ’,
‘ಮಾವ’ ಅಂದದ್ದು ಬರೇ ‘ಮೀಸಿ’.
ಆ ಕಡಿ ಜಹೀರಾ ಬಿದ್ದು ಬಿದ್ದು ನಗತಾಳ.
ಸೂಗಿಗೆ ಸಿಟ್ಟು.
ನನ್ನ ಎದಿಗೆ ಬೆರಳು ಚುಚ್ಚಿ, ಕೈಲೇ ಅಂದಳು:
ನಿನ್ನ ಡಬ್ಬಿ ನನ್ನ ಮಾತು ತಿಂತದ.

ಕಪಾಟದಾಗ ಹಳೇ ಕ್ಯಾಮೆರಾ ಇತ್ತು.
ದೇವಸೂಗೂರಿಂದ ಮಾನ್ವಿ ತನಕ ಮದುವಿ ಉಂಡದ್ದು,
ಗ್ರಿಪ್ಪಿನ ರಬ್ಬರದಾಗ ಇನ್ನೂ ಅರಿಶಿಣ.
ಫ್ಲ್ಯಾಶ್ ಕೂಡೋ ಜಾಗ ಮುರದು ಎರಡು ವರ್ಷಾತು,
ಈಗ ಅದನ್ನ ಯಾವ ಮಂಟಪಕ್ಕೂ ಒಯ್ಯಂಗಿಲ್ಲ.
ತೀನ್ ಕಂದೀಲ್ ಹತ್ರ ಇರ್ಫಾನನ ಅಂಗಡ್ಯಾಗ
ಹೆಬ್ಬೆರಳಷ್ಟು ಕ್ಯಾಪ್ಚರ್ ಕಾರ್ಡ್ ಕೊಂಡೆ,
ಒಂದು ವಾಯರು, ಬ್ಯಾಟರಿ ವೇಷ ಹಾಕಿದ ಪ್ಲಗ್ಗು.
ಬೆಲಿ ಕೇಳಬ್ಯಾಡ್ರಿ.
ಎರಡು ನಾಮಕರಣದ ಆಲ್ಬಮ್ ಅದರಾಗ ಹೋತು.

ಮೊದಲ ದಿನ ಪರದಿ ತುಂಬ
ಐಎಸ್‌ಓ, ಹಳದಿ ಚೌಕ, ಬ್ಯಾಟರಿ ಗುರುತು;
ಸೂಗಿ ಮಾರಿ ಜಾಹೀರಾತು ಮೆತ್ತಿದ ಗೋಡಿ ಹಂಗ.
ಮೆನು ಹೊಕ್ಕು ಒಂದೊಂದೇ ಅಳಸಿದೆ.

ಆಮ್ಯಾಲೆ ನನ್ನ ಹಳೇ ಚಟ:
ಐವತ್ತರ ಲೆನ್ಸು, ಎಫ್ ಒಂದು ಪಾಯಿಂಟ್ ಎಂಟು.
ಗೋಡಿ, ಮೊಳಿ, ಕ್ಯಾಲೆಂಡರು ಎಲ್ಲಾ ಬೆಣ್ಣಿಯಂಗ ಕರಗಿ
ನಡಕ ಅವಳ ಮಾರಿ,
ಹಣಿಮ್ಯಾಲಿನ ವಿಭೂತಿ ಗೆರಿ ಸುದ್ದಾ ಎಣಿಸಬಹುದು.
ಬೀಗರಿಗೆ ತೋರಿಸೋ ಫೋಟೋ ಆತಲ್ಲ ಅಂತ
ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜಹೀರಾ ಮೂಗು ಮುರಿದಳು.
ಮಾರಿ ನಿಚ್ಚಳ, ಮುಂದ ಬಂದ ಕೈ ಬರೇ ಹೊಗಿ.
ಸೂಗಿ ನನ್ನ ಕಡಿ ತಿರುಗಿದಳು,
ಒಂದು ಅಂಗೈಲೆ ತನ್ನ ಮಾರಿ ಮುಚ್ಚಿ
ಇನ್ನೊಂದು ಕೈಲೆ, ನಿಧಾನಕ್ಕ:
ನಾ ಇಲ್ಲಿಲ್ಲ.

ಹದಿನಾಲ್ಕು ವರ್ಷ ಮಂಟಪದಾಗ ನಿಂತು
ನಾ ಹೇಳಿಕೋತ ಬಂದದ್ದು ಒಂದೇ ಮಾತು:
ಕೈ ಕೆಳಗ ಇಳಸ್ರಿ, ಮಾರಿ ಮ್ಯಾಲೆತ್ತರಿ.
ಎಷ್ಟು ಮಂದಿ ಕೈ ಇಳಿಸಿದೆನೋ.
ಅವರೊಳಗ ಯಾರರ ಏನರ ಹೇಳೋದಿತ್ತೇನೋ.

ಎಫ್ ಎಂಟಕ್ಕ ತಂದೆ. ಕತ್ತಲಾತು.
ಬಾಗಿಲು ತೆರದೆ; ಮೇ ತಿಂಗಳ ರಾಯಚೂರು
ಹೇಳದೆ ಕೇಳದೆ ಉರಿ ಸಮೇತ ಒಳಗ ಬಂತು.
ಮದುವಿ ಲೈಟ್ ಎರಡೂ ಹಚ್ಚಿದೆ.
ಬೆರಳು ಬಾಲ ಬಿಡಬಾರದು ಅಂತ ಶಟರ್ ಬಿರುಸು ಮಾಡಿದೆ.
ಮಾರಿ ಹುಡುಕೋ ಆಟೋಫೋಕಸ್ಸಿಗೆ ರಜಾ ಕೊಟ್ಟು
ಕೈಯಾಡೋ ಜಾಗಕ್ಕ ಮೇಜಿನ ಮ್ಯಾಲೆ ಚಾಕಪೀಸಿನ ಗೆರಿ ಎಳದು
ಉಂಗುರ ತಿರುವಿ ಅಲ್ಲೇ ನಿಲ್ಲಿಸಿದೆ.
ಗೋಡಿ ವಾಪಸ್ ಬಂತು, ಮೊಳಿ ಬಂತು,
ಕ್ಯಾಲೆಂಡರಿನ ತಾರೀಖೂ ಬಂತು.
ಚಂದ ಇಲ್ಲ. ಖರೇನೂ ಚಂದ ಇಲ್ಲ.
ಆದ್ರ ಜಂಪರ್ ಹೊಲಿಯೋವಾಗ
ಸೂಜಿ ಚುಚ್ಚಿದ ಕಲೆ, ಕಿರುಬೆರಳಿನದು, ಕಾಣತದ.

ಜಹೀರಾ ಗಕ್ಕನೆ ಎದ್ದು ನಿಂತು
ಎರಡೂ ಕೈ ಮ್ಯಾಲೆತ್ತಿ ಗಾಳ್ಯಾಗ ಅಲುಗಾಡಿಸಿದಳು.
ಅದು ಅವರ ಚಪ್ಪಾಳಿ.

ಇಷ್ಟು ದಿನ ಮಸುಕಿನಾಗ ಹಾಯ್ದು ಹೋಗೋ ಮಾತು
ಉಂಡ್ಯಾ, ಉಂಡೆ. ಅಷ್ಟೇ.
ಈಗ ಹತ್ತಿದರು ನೋಡ್ರಿ:
ಹಾಸ್ಟೆಲಿನ ನೀರು ಸಾರು, ಯಾವಳೋ ಕದ್ದ ರಿಬ್ಬನ್ನು,
ನಡಕ ಒಂದು ಹೆಸರು, ಗಂಡಸಿನದು,
ಕೆನ್ನಿಮ್ಯಾಲೆ ಚುಕ್ಕಿ ಇಟ್ಟಂಗ ಅದರ ಗುರುತು.
ನನಗೂ ಕೈಮಾತು ಬರತದ,
ಅವಳ ಜೋಡಿ ಬೆಳದವನು.
ಎದ್ದು ಹೊರಗ ಬಂದು ಮೆಟ್ಟಲ ಮ್ಯಾಲೆ ಕುಂತೆ.

ಒಳಗಿಂದ ಸೂಗಿ ಬಳಿ ಸಪ್ಪಳ,
ಮತ್ತ ಸೊಲ್ಲಾಪುರದ ಟವೆಲ್ ಗಿರಣಿಯ ಖಟಖಟ.
ಸ್ಪೀಕರ್ ಬಂದ್ ಮಾಡೋದು ನನಗೂ ನೆನಪಿದ್ದಿಲ್ಲ.
ಗಿರಣಿ ಇಡೀ ಓಣಿಗೆ ಕೇಳತದ,
ಅವರಿಬ್ಬರಿಗೆ ಬಿಟ್ಟು.

ಅರ್ಧ ತಾಸಿಗೆ ಕ್ಯಾಮೆರಾ ಕಾದು ತಾನೇ ಮಲಗಿತು.
ಮೇಜು ಬಡಿದಳು, ಧಡ್ ಧಡ್.
ಒದ್ದಿ ಅರಿವಿ ಹಿಂಡಿಕೊಂಡು ಎದ್ದೆ.
ಹೊಸ್ತಿಲದಾಗ ನಿಂತು ಕೈಲೇ ಕೇಳಿದೆ:
ಒಳಗ ಬರಲೇನು?